ಬಡಾವಣೆಗೆ ಬಂದ ಮೇಲೆ ಮಗನನ್ನು ಗದರುವವರೇ ಇಲ್ಲ

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಸೋಮವಾರಪೇಟೆ ಕಡೆಯ ಒಂದು ಹಳ್ಳಿಯವರು. ಮಗನ ಓದಿಗೆ ಅಂತ ಮೂರು ವರ್ಷದ ಹಿಂದೆ ಕುಶಾಲನಗರದ ಹೊಸ ಬಡಾವಣೆಯಲ್ಲಿ ಬಾಡಿಗೆ ಮನೆ ಮಾಡಿದೆವು. ನಾನು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜ ಆರಿಸುವ ಕೆಲಸಕ್ಕೆ ಹೋಗುತ್ತೇನೆ. ಯಜಮಾನರು ಲಾರಿ ಓಡಿಸುತ್ತಾರೆ, ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಮಗನಿಗೆ ಹದಿನೈದು, ಈ ವರ್ಷ ಎಸ್ಸೆಸ್ಸೆಲ್ಸಿ. ಊರಲ್ಲಿದ್ದಾಗ ಅವನು ಎಲ್ಲಿ ಹೋದರೂ ಯಾರಾದರೂ ಗದರುತ್ತಿದ್ದರು, ಯಾರಾದರೂ ಕರೆದು ಊಟ ಹಾಕುತ್ತಿದ್ದರು. ಇಲ್ಲಿ ಪಕ್ಕದ ಮನೆಯವರಿಗೆ ಅವನ ಹೆಸರೂ ಗೊತ್ತಿಲ್ಲ. ಪೇಟೆ ಜನ ಯಾಕೆ ಹೀಗೆ? ಅವನನ್ನು ಊರಿಗೆ, ನನ್ನ ಅಮ್ಮನ ಮನೆಗೆ ವಾಪಸ್ ಕಳಿಸಲಾ? ಇಲ್ಲ ಹಾಸ್ಟೆಲ್‌ಗೆ ಸೇರಿಸಲಾ? ಇನ್ನೊಂದು, ಸಂಜೆಯಾದರೆ ಮುಖ್ಯರಸ್ತೆಯ ಪಂಕ್ಚರ್ ಅಂಗಡಿಯಲ್ಲಿ ಹೋಗಿ ಕೂರುತ್ತಾನೆ. ಅದನ್ನು ಬಿಡಿಸುವುದು ಹೇಗೆ ಅಂತಲೂ ಹೇಳಿ.

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು, ಕೊನೆಗೆ ‘ಇನ್ನೊಂದು’ ಅಂತ ಸೇರಿಸಿದ ಆ ಪಂಕ್ಚರ್ ಅಂಗಡಿಯ ಮೇಲೆ. ಅದಕ್ಕೆ ಆಮೇಲೆ ಬರುತ್ತೇನೆ. ಇದನ್ನು ಓದಿ ಮುಗಿಸುವವರೆಗೆ ಅದನ್ನು ಬಿಡಿಸುವ ಯೋಚನೆ ಮಾತ್ರ ಬೇಡ.

ಮೊದಲು ಪೇಟೆ ಜನದ ಮಾತು. ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಎದುರು ಮನೆಯ ಮಕ್ಕಳ ಹೆಸರು ನಿಮಗೆ ಗೊತ್ತಾ? ಮಡಿಕೇರಿಯಲ್ಲಿ ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬರುವ ತಂದೆ ತಾಯಂದಿರನ್ನೆಲ್ಲ ನಾನು ಇದನ್ನು ಕೇಳುತ್ತೇನೆ. ಹೆಚ್ಚಿನವರ ಉತ್ತರ, ‘ಒಬ್ಬ ಹುಡುಗ ಇದ್ದಾನೆ, ಬೈಕ್ ಇದೆ.’ ಅಷ್ಟೇ. ಇವರೇ ಊರಲ್ಲಿದ್ದಾಗ ಹತ್ತು ಮನೆಯ ಮಕ್ಕಳ ಕಿವಿ ಹಿಂಡಿದವರು. ಇವರ ಮನಸ್ಸು ಹಾಗೇ ಇದೆ, ಸುತ್ತಮುತ್ತಲು ಬದಲಾಗಿದೆ. ಬೆಳಗ್ಗೆ ಎಂಟಕ್ಕೆ ಮನೆ ಬಿಟ್ಟು ಸಂಜೆ ಆರೂವರೆಗೆ ಗೇಟು ತೆಗೆಯುವ ಹೆಂಗಸು ಯಾರ ಮಗನನ್ನು ಎಲ್ಲಿ ಅಂತ ನೋಡಬೇಕು ಹೇಳಿ.

2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,54,519. ಅದರಲ್ಲಿ ಪಟ್ಟಣಗಳಲ್ಲಿ ಇದ್ದವರು ನೂರಕ್ಕೆ 15ರ ಆಸುಪಾಸು. ನಮ್ಮ ಪೇಟೆಗಳಲ್ಲಿ ಈಗ ಕಾಣುವ ಎಷ್ಟೋ ಮನೆಗಳು ನಿಮ್ಮ ಹಾಗೆ ಮೊದಲ ತಲೆಮಾರಿನ ಪೇಟೆ ಮನೆಗಳು. ತಲೆಯಲ್ಲಿ ಇನ್ನೂ ಊರಿನ ಲೆಕ್ಕವೇ ಇರುತ್ತದೆ: ಇದ್ದರೆ ಸಾಕು, ಅಕ್ಕಪಕ್ಕದವರು ತಾವಾಗಿಯೇ ಪರಿಚಯ ಆಗ್ತಾರೆ ಅಂತ. ಆಗುವುದಿಲ್ಲ. ಊರಲ್ಲೂ ಅದು ತಾನಾಗಿ ಆಗುತ್ತಿರಲಿಲ್ಲ. ಅಲ್ಲಿ ಅದಕ್ಕೊಂದು ಏರ್ಪಾಡು ಇತ್ತು, ನಮಗೆ ಕಾಣಿಸುತ್ತಿರಲಿಲ್ಲ.

ನೆನಪು ಮಾಡಿಕೊಳ್ಳಿ. ಹಾಲಿನ ಡೈರಿಗೆ ಕ್ಯಾನು ಹಿಡಿದು ಹೋಗುವ ಹುಡುಗನನ್ನು ಬೆಳಗ್ಗೆಯೇ ನಾಲ್ಕು ಜನ ನೋಡುತ್ತಾರೆ. ದಿನಕ್ಕೆ ಮೂರೇ ಬಸ್ಸಿನ ಊರಲ್ಲಿ ಇಪ್ಪತ್ತು ನಿಮಿಷ ದೊಡ್ಡವರ ಪಕ್ಕದಲ್ಲಿ ನಿಲ್ಲಲೇಬೇಕು. ಸಂಜೆ ಅದೇ ಜನ, ಅದೇ ಅಂಗಡಿ ಕಟ್ಟೆ. ಕೊಡವ ಕುಟುಂಬಗಳ ಮೂಲಮನೆಗಳಾದ ಐನ್‌ಮನೆಗಳಲ್ಲಿ ಮುಂದೆ ಕಯ್ಯಾಲೆ ಅನ್ನುವ ಜಗಲಿ ಇರುತ್ತದೆ, ಕಂಬದಿಂದ ಕಂಬಕ್ಕೆ ಐಮರ ಅನ್ನುವ ಅಗಲದ ಹಲಗೆ. ಅಜ್ಜ ಅಲ್ಲಿ ಕೂತರೆ ಮನೆಯ ಓಣಿಯಲ್ಲಿ ಬರುವ ಹೋಗುವ ಪ್ರತಿ ಹುಡುಗ ಅವರ ಕಣ್ಣ ಮುಂದೆಯೇ ದಾಟಬೇಕು. ‘ಯಾರ ಮಗ? ಎಲ್ಲಿಗೆ ಹೊರಟೆ?’ ಅಂತ ಕೇಳದೆ ಬಿಡುವವರಲ್ಲ. ಅಜ್ಜನಿಗೆ ಊರ ಮಕ್ಕಳ ಮೇಲೆ ಪ್ರೀತಿ ಎಷ್ಟಿತ್ತೋ ಗೊತ್ತಿಲ್ಲ, ಕೂರುವ ಜಾಗ ಸರಿಯಾಗಿತ್ತು.

ನೀವು ಇರುವ ಬಡಾವಣೆ ಯಾವುದು ಅಂತ ಬರೆದಿಲ್ಲ. ಕುಶಾಲನಗರದ ಹೊಸ ಬಡಾವಣೆ ಕೆಲವನ್ನು ನಾನು ನಡೆದು ನೋಡಿದ್ದೇನೆ. ಎದೆಯೆತ್ತರದ ಕಾಂಪೌಂಡು, ಕಬ್ಬಿಣದ ಗೇಟು, ಗೇಟಿನ ಮೇಲೆ ‘ನಾಯಿ ಇದೆ ಎಚ್ಚರಿಕೆ’. ನಡುನಡುವೆ ಖಾಲಿ ಸೈಟು, ಆಳೆತ್ತರದ ಕಳೆ. ಪಾರ್ಕಿಗೆ ಅಂತ ಬಿಟ್ಟ ಜಾಗದಲ್ಲಿ ಬೋರ್ಡು ಇದೆ, ಬೆಂಚಿಲ್ಲ. ಒಂದು ಬೆಂಕಿಪೊಟ್ಟಣ ಬೇಕಾದರೂ ಮುಖ್ಯರಸ್ತೆಗೇ ಹೋಗಬೇಕು. ಒಂದು ಭಾನುವಾರ ಸಂಜೆ ಅಂಥ ಬೀದಿಯಲ್ಲಿ ಐದರಿಂದ ಆರರವರೆಗೆ ಸುಮ್ನೆ ನಿಂತಿದ್ದೆ. ಹನ್ನೊಂದು ಕಾರು, ಎರಡು ನಾಯಿ, ಒಬ್ಬ ಹುಡುಗ. ಹುಡುಗ ಟ್ರಾನ್ಸ್‌ಫಾರ್ಮರ್ ಕಟ್ಟೆಯ ಮೇಲೆ ಕೂತು ಫೋನ್ ನೋಡುತ್ತಿದ್ದ. ಎದುರು ಮನೆಯವರು ಗೇಟು ತೆಗೆದು ಕಸದ ಬಕೆಟ್ ಹೊರಗಿಟ್ಟರು, ಅವನನ್ನೊಮ್ಮೆ ನೋಡಿದರು, ಗೇಟು ಹಾಕಿದರು. ಚಿಲಕ ಬಿದ್ದ ಸದ್ದು ನನಗೂ ಕೇಳಿಸಿತು, ಅವನಿಗೂ ಕೇಳಿಸಿರಬೇಕು.

ಬೀದಿಯೇ ಜನರನ್ನು ಹೀಗೆ ಒಳಗೆ ತಳ್ಳುತ್ತದೆ ಅನ್ನುವುದಕ್ಕೆ ಹಳೆಯ ಅಧ್ಯಯನವೊಂದಿದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1960ರ ದಶಕದ ಕೊನೆಗೆ ಡೊನಾಲ್ಡ್ ಆಪಲ್‌ಯಾರ್ಡ್ ಅನ್ನುವ ನಗರ ತಜ್ಞರು ಹೆಚ್ಚುಕಡಿಮೆ ಒಂದೇ ತರಹದ ಮೂರು ಬೀದಿ ಆರಿಸಿಕೊಂಡರು. ದೊಡ್ಡ ವ್ಯತ್ಯಾಸ ಗಾಡಿಗಳದ್ದು. ಒಂದರಲ್ಲಿ ದಿನಕ್ಕೆ ಸುಮಾರು 2,000 ಗಾಡಿ, ಇನ್ನೊಂದರಲ್ಲಿ 8,000, ಮೂರನೆಯದರಲ್ಲಿ 16,000. ಗಾಡಿ ಕಡಿಮೆ ಇದ್ದ ಬೀದಿಯವರಿಗೆ ಅದೇ ಬೀದಿಯಲ್ಲಿ ಸರಾಸರಿ 3 ಜನ ಗೆಳೆಯರಿದ್ದರು. ಜಾಸ್ತಿ ಇದ್ದ ಬೀದಿಯವರಿಗೆ 0.9. (ಈ 0.9 ಗೆಳೆಯ ಅಂದರೆ ಯಾರಮ್ಮಾ ಅಂತ ನನ್ನ ಮಗಳು ಕೇಳಿದ್ದಳು.) ಶನಿವಾರ ಭಾನುವಾರ ಮಡಿಕೇರಿಯ ರಾಜಾಸೀಟ್ ಕಡೆ ರಸ್ತೆ ದಾಟುವಾಗೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತದೆ. ನಮ್ಮ ಬೀದಿಯ ಹದಿನಾಲ್ಕು ಮನೆಗಳಲ್ಲಿ ಐದು ಈಗ ಹೋಂಸ್ಟೇ. ವಾರಕ್ಕೊಂದು ಹೊಸ ಮುಖ. ಹೊಸ ಮುಖಗಳು ಜಾಸ್ತಿಯಾದ ಬೀದಿಯಲ್ಲಿ ಅಲ್ಲೇ ಹುಟ್ಟಿ ಬೆಳೆದ ಹುಡುಗನೂ ಹೊಸಬನೇ. ಮೇಲೆ ನಮ್ಮ ಮಳೆ ಬೇರೆ. ಕೊಡೆ ಬಗ್ಗಿಸಿಕೊಂಡು ನಾಲ್ಕು ತಿಂಗಳು ಓಡಾಡುವ ಹುಡುಗನ ಮುಖ ಯಾರಿಗೆ ಕಾಣುತ್ತದೆ? ಆ ವಿಷಯದಲ್ಲಿ ಕುಶಾಲನಗರ ಪುಣ್ಯ ಮಾಡಿದೆ, ಮಡಿಕೇರಿಯಷ್ಟು ಮಳೆ ನಿಮಗಿಲ್ಲ.

ನೋಡುವುದಾಯಿತು, ಇನ್ನು ಮಾತಾಡಿಸುವ ಧೈರ್ಯದ ವಿಷಯ. ಒಬ್ಬ ನಿವೃತ್ತ ಮೇಷ್ಟ್ರು ನನಗೆ ಹೇಳಿದ್ದು ಇದು. ಸಂಜೆ ವಾಕಿಂಗ್ ಹೋಗುವಾಗ ಮೋರಿ ಕಟ್ಟೆಯ ಮೇಲೆ ನಾಲ್ಕು ಹುಡುಗರು ಕೂತು ಸಿಗರೇಟ್ ಸೇದುತ್ತಿದ್ದರು. ಮೂವತ್ತು ವರ್ಷ ಪಾಠ ಮಾಡಿದವರು, ಶಾಲೆಯಲ್ಲಾಗಿದ್ದರೆ ಕಿತ್ತು ಎಸೆಯುತ್ತಿದ್ದರು. ಇಲ್ಲಿ ತಲೆಯಲ್ಲಿ ಲೆಕ್ಕ ಶುರುವಾಯಿತಂತೆ. ಇವರು ಯಾರ ಮಕ್ಕಳು? ಸಿಗರೇಟಾ, ಗಾಂಜಾನಾ? ನಾನು ಗದರಿದರೆ ಅಪ್ಪ ಮನೆಗೇ ಬಂದು ‘ನೀವ್ಯಾರ್ರೀ ಕೇಳೋಕೆ’ ಅಂದರೆ? ಆಗ ನನ್ನ ಪರ ಯಾರು ಬರ್ತಾರೆ? ತಲೆ ತಗ್ಗಿಸಿ ಮುಂದೆ ಹೋದರು. ಮಾರನೆಯ ದಿನದಿಂದ ವಾಕಿಂಗ್ ದಾರಿಯನ್ನೇ ಬದಲಾಯಿಸಿದರು. ಆ ಬೀದಿಯ ಹುಡುಗರ ಪಾಲಿಗೆ ಒಬ್ಬ ದೊಡ್ಡವರು ಅಲ್ಲಿಗೆ ಕಡಿಮೆಯಾದರು.

ಮೇಷ್ಟ್ರ ಕೊನೆಯ ಪ್ರಶ್ನೆ ಇದೆಯಲ್ಲ, ‘ನನ್ನ ಪರ ಯಾರು ಬರ್ತಾರೆ’, ಎಲ್ಲ ನಿಂತಿರುವುದು ಅದರ ಮೇಲೆ. ಶಿಕಾಗೋ ನಗರದಲ್ಲಿ 1995ರಲ್ಲಿ 343 ವಸತಿ ಪ್ರದೇಶಗಳ 8,782 ಜನರನ್ನು ಮಾತಾಡಿಸಿ ಒಂದು ದೊಡ್ಡ ಅಧ್ಯಯನ ನಡೆಯಿತು. ರಾಬರ್ಟ್ ಸ್ಯಾಂಪ್ಸನ್ ಮತ್ತು ಅವರ ಇಬ್ಬರು ಸಂಗಡಿಗರು ಅದನ್ನು 1997ರಲ್ಲಿ ಪ್ರಕಟಿಸಿದರು. ಕೇಳಿದ ಪ್ರಶ್ನೆಗಳು ತೀರಾ ಸರಳ. ಮಕ್ಕಳು ಶಾಲೆ ತಪ್ಪಿಸಿ ಬೀದಿ ಮೂಲೆಯಲ್ಲಿ ನಿಂತಿದ್ದರೆ ಏನಾದರೂ ಮಾಡ್ತಾರಾ? ಗೋಡೆಗೆ ಬಣ್ಣ ಬಳಿಯುತ್ತಿದ್ದರೆ? ದೊಡ್ಡವರಿಗೆ ಎದುರು ಮಾತಾಡಿದರೆ? ಇಲ್ಲೊಂದು ಸೂಕ್ಷ್ಮ ಇದೆ. ‘ನೀವು ಮಾಡ್ತೀರಾ’ ಅಂತ ಅವರು ಕೇಳಲಿಲ್ಲ. ‘ನಿಮ್ಮ ನೆರೆಯವರು ಮಾಡ್ತಾರೆ ಅನ್ನುವ ನಂಬಿಕೆ ನಿಮಗಿದೆಯಾ’ ಅಂತ ಕೇಳಿದರು. ಈ ನಂಬಿಕೆ ಗಟ್ಟಿಯಿದ್ದ ಕಡೆ ಹೊಡೆದಾಟ ಬಡಿದಾಟ ಕಡಿಮೆಯಿತ್ತು. ಬಡತನವನ್ನು ಲೆಕ್ಕಕ್ಕೆ ತೆಗೆದುಕೊಂಡು ನೋಡಿದರೂ ಹಾಗೇ ಕಂಡಿತು. ಜನ ಮನೆ ಬದಲಿಸುತ್ತಲೇ ಇರುವ ಕಡೆ ಈ ನಂಬಿಕೆ ಬೆಳೆಯುವುದು ಕಷ್ಟ ಅಂತಲೂ ಕಂಡಿತು. ಹನ್ನೊಂದು ತಿಂಗಳ ಬಾಡಿಗೆ ಕರಾರಿನಲ್ಲಿ ಬದುಕುವ ಬೀದಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಗಾಂಜಾ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಆ ಭಯದಲ್ಲಿ ನಾಲ್ಕು ಹುಡುಗರು ಒಟ್ಟಿಗೆ ಕೂತರೆ ಸಾಕು, ‘ಗ್ಯಾಂಗ್’ ಅಂತ ಹೆಸರಿಟ್ಟುಬಿಡುತ್ತೇವೆ. ಅವರಿಗೆ ಕೂರುವುದಕ್ಕೆ ಬೇರೆ ಜಾಗ ಎಲ್ಲಿದೆ ಅಂತ ನಾವು ಕೇಳುವುದೇ ಇಲ್ಲ.

ಇದೇ ಕುಶಾಲನಗರದಲ್ಲಿ 2018 ಮತ್ತು 2019ರ ಆಗಸ್ಟ್‌ನಲ್ಲಿ ಕಾವೇರಿ ನೀರು ಸಾಯಿ ಬಡಾವಣೆ, ಕುವೆಂಪು ಬಡಾವಣೆಗೆ ನುಗ್ಗಿತ್ತು. ಆಮೇಲೆ ಅಲ್ಲಿಯ ಒಬ್ಬ ಅಜ್ಜಿ ನನ್ನ ಹತ್ತಿರ ನಗುತ್ತಾ ಹೇಳಿದ್ದರು, ‘ನನ್ನನ್ನು ಬೆನ್ನ ಮೇಲೆ ಹೊತ್ತು ತಂದವನು ದಿನಾ ಗೇಟಿನ ಹತ್ತಿರ ಬೈಕ್ ರೇಸ್ ಮಾಡ್ತಾನೆ ಅಂತ ನಾನು ಬೈಯ್ಯುತ್ತಿದ್ದ ಹುಡುಗನೇ.’ ಹೆಸರು ಕೇಳಿದ್ದು ಪರಿಹಾರ ಕೇಂದ್ರದಲ್ಲಂತೆ. ಹೆಸರು ತಿಳಿಯುವುದಕ್ಕೆ ಪ್ರವಾಹವೇ ಬರಬೇಕಾಯಿತು.

ಇಷ್ಟು ಓದುವ ಹೊತ್ತಿಗೆ ಹೆಣ್ಣುಮಕ್ಕಳು ಹುಬ್ಬು ಗಂಟಿಕ್ಕಿರಬಹುದು. ಅದು ಸರಿಯೇ. ಪಿಯು ಓದುವ ಒಬ್ಬ ಹುಡುಗಿ ನನಗೆ ಹೇಳಿದ ಮಾತು ಇವತ್ತಿಗೂ ಚುಚ್ಚುತ್ತದೆ. ‘ಮೇಡಂ, ನಮ್ಮೂರಲ್ಲಿ ನಾನು ಚಪ್ಪಲಿ ಬದಲಾಯಿಸಿದರೂ ಅಮ್ಮನಿಗೆ ಫೋನ್ ಬರುತ್ತೆ. ಬಸ್ಸಲ್ಲಿ ಒಬ್ಬ ಕೈ ಹಾಕಿದಾಗ ಅದೇ ಜನ ಕಿಟಕಿ ಕಡೆ ತಿರುಗಿದರು.’ ಊರ ಕಣ್ಣು ಅಂತ ನಾವು ಹೊಗಳುವುದರಲ್ಲಿ ಇದೂ ಸೇರಿದೆ. ನನಗೆ ಗೊತ್ತಿರುವ ಒಂದು ಸಣ್ಣ ಪರೀಕ್ಷೆ ಇದೆ. ಏನಾದರೂ ಕಂಡಾಗ ಆ ದೊಡ್ಡವರು ಮೊದಲು ಮಗುವನ್ನು ಮಾತಾಡಿಸುತ್ತಾರಾ, ಇಲ್ಲ ಮೊದಲು ತಾಯಿಗೆ ಫೋನ್ ಮಾಡುತ್ತಾರಾ? ಮಗುವನ್ನು ಮಾತಾಡಿಸುವವರು ಸಿಕ್ಕರೆ ಬಿಡಬೇಡಿ. ಬರೀ ಫೋನ್ ಮಾಡುವವರು ಪೇಟೆಯಲ್ಲಿ ಕಡಿಮೆಯಾದರೆ ನನಗೇನೂ ಬೇಸರವಿಲ್ಲ. ಪೇಟೆಗೆ ಬಂದ ಮೇಲೆ ಉಸಿರಾಡಿದೆ ಅನ್ನುವ ಹುಡುಗಿಯರನ್ನು ನಾನು ಬಹಳ ನೋಡಿದ್ದೇನೆ.

ಇನ್ನೊಂದು ಕಡೆಯನ್ನೂ ನೋಡಬೇಕು. ಕಾಫಿ ತೋಟದ ಕಾರ್ಮಿಕರು ಇರುವ ಲೈನ್ ಮನೆಗಳಲ್ಲಿ ದೊಡ್ಡವರ ಆಸರೆ ಇಲ್ಲ ಅಂತ ಯಾರೂ ಹೇಳಲಾರರು. ಒಂದೇ ಗೋಡೆಯ ಆಚೆ ಈಚೆ ಬದುಕು. ಅಮ್ಮ ಕೆಲಸದಿಂದ ಬರುವುದು ತಡವಾದರೆ ಪಕ್ಕದ ಮನೆಯ ಗಂಜಿ ಇದ್ದೇ ಇದೆ. ಆದರೆ ಅಂಥ ಸಾಲಿನ ಒಬ್ಬ ಹುಡುಗಿ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದು, ಸ್ಕಾಲರ್‌ಶಿಪ್ ಅರ್ಜಿಯ ಕೊನೆಯ ದಿನ ದಾಟಿದ ಮೇಲೆ ನನ್ನ ಹತ್ತಿರ ಬಂದಿದ್ದಳು. ಜಾತಿ ಪ್ರಮಾಣಪತ್ರ ಎಲ್ಲಿ ಮಾಡಿಸಬೇಕು, ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕುವ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಏನು ತುಂಬಬೇಕು ಅಂತ ಹೇಳುವವರು ಆ ಸಾಲಿನ ಯಾವ ಮನೆಯಲ್ಲೂ ಇರಲಿಲ್ಲ. ಪ್ರೀತಿ ಬೇಕಾದಷ್ಟು ಇತ್ತು, ದಾರಿ ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ಉಳ್ಳವರ ಮಕ್ಕಳಿಗೆ ಅಪ್ಪನ ಗೆಳೆಯ ಎಂಜಿನಿಯರು, ಅತ್ತೆ ಲೆಕ್ಚರರು. ಬಡವರ ಮಕ್ಕಳ ಬೆನ್ನಿಗೆ ನಿಲ್ಲುವವರು ಹೆಚ್ಚಾಗಿ ಸ್ವಂತ ಬಂಧುಗಳೇ. ಬಂಧುಗಳಿಗೂ ಅದೇ ಕಷ್ಟ. ಪೇಟೆಗೆ ಬಂದದ್ದರಿಂದ ನಿಮ್ಮ ಮಗನಿಗೆ ಆಗಬೇಕಾದ ಲಾಭ ಇಲ್ಲೇ ಇದೆ. ಊರಲ್ಲಿ ಇಲ್ಲದ ತರಹದ ದೊಡ್ಡವರು ಇಲ್ಲಿ ಇದ್ದಾರೆ. ಕೈಗೆ ಸಿಗುತ್ತಿಲ್ಲ, ಅಷ್ಟೇ.

ಒಬ್ಬರು ಸಿಕ್ಕರೂ ಎಷ್ಟು ಬದಲಾಗುತ್ತದೆ ಅನ್ನುವುದಕ್ಕೆ ನಾನು ಯಾವಾಗಲೂ ಹೇಳುವ ಉದಾಹರಣೆ ಹವಾಯಿಯ ಕವಾಯಿ ದ್ವೀಪದ್ದು. ಅದೂ ನಮ್ಮ ಹಾಗೆ ಜಡಿಮಳೆಯ ನಾಡು, ತೋಟ ಕಾರ್ಮಿಕರ ನಾಡು, ಅಲ್ಲಿ ಕಾಫಿಯ ಬದಲು ಕಬ್ಬು ಮತ್ತು ಅನಾನಸು. 1955ರಲ್ಲಿ ಅಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಅನ್ನುವ ಮನೋವಿಜ್ಞಾನಿ ಮತ್ತು ಅವರ ಜೊತೆಗಾರರು ಹತ್ತಾರು ವರ್ಷ ಹಿಂಬಾಲಿಸಿ ನೋಡಿದರು. ಬಡತನ, ಕುಡಿತ, ಜಗಳದ ಮನೆಗಳಲ್ಲಿ ಹುಟ್ಟಿ ತುಂಬಾ ಅಪಾಯದಲ್ಲಿದ್ದ ಮಕ್ಕಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರು ಚೆನ್ನಾಗಿಯೇ ಬೆಳೆದರು. ಅವರ ಬದುಕಿನಲ್ಲಿ ಮತ್ತೆ ಮತ್ತೆ ಕಂಡದ್ದು, ಅಪ್ಪ ಅಮ್ಮ ಅಲ್ಲದಿದ್ದರೂ ಬಿಡದೆ ಜೊತೆಗಿದ್ದ ಒಬ್ಬ ದೊಡ್ಡವರು. ಅಜ್ಜಿಯೋ, ಟೀಚರೋ, ಪಕ್ಕದ ಮನೆಯವರೋ.

ಹಾಗಾದರೆ ಇಂಥ ದೊಡ್ಡವರನ್ನು ಸರ್ಕಾರವೋ ಸಂಘವೋ ‘ಒದಗಿಸಬಹುದಲ್ಲ’ ಅನ್ನುತ್ತೀರಾ? ಅದರ ಕಹಿ ನನಗೆ ಚೆನ್ನಾಗಿ ಗೊತ್ತು. ಕೆಲವು ವರ್ಷದ ಹಿಂದೆ ಹೊರಗಿನ ಒಂದು ಸಂಸ್ಥೆ ನಮ್ಮ ಕಡೆ ಬಂದು ಹುಡುಗರಿಗೆಲ್ಲ ಒಬ್ಬೊಬ್ಬ ‘ಮಾರ್ಗದರ್ಶಕ’ರನ್ನು ಜೋಡಿಸಿತು. ಟೀಶರ್ಟು, ಡೈರಿ, ಉದ್ಘಾಟನೆ. ನಾನೂ ವೇದಿಕೆ ಮೇಲಿದ್ದೆ, ಚಪ್ಪಾಳೆ ತಟ್ಟಿದ್ದೆ. ಎರಡೂವರೆ ತಿಂಗಳಿಗೆ ಅವರ ದುಡ್ಡು ಮುಗಿಯಿತು, ಯಾರೂ ಬರಲಿಲ್ಲ. ಒಬ್ಬ ಹುಡುಗ ಆಮೇಲೆ ನಾಲ್ಕು ಶನಿವಾರ ಡೈರಿ ಹಿಡಿದು ಅದೇ ಹಾಲ್ ಮುಂದೆ ಕಾದಿದ್ದ. ಅವನಿಗೆ ಏನು ಹೇಳಬೇಕು ಅಂತ ನನಗೆ ತೋಚಲಿಲ್ಲ. ಅಮೆರಿಕದ ‘ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್’ ಅನ್ನುವ ಹಳೆಯ ಕಾರ್ಯಕ್ರಮದ ಮಕ್ಕಳ ಲೆಕ್ಕವನ್ನು ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ ಅನ್ನುವ ಇಬ್ಬರು ತಜ್ಞೆಯರು 2002ರಲ್ಲಿ ಪ್ರಕಟಿಸಿದರು. ಒಂದು ವರ್ಷಕ್ಕಿಂತ ಹೆಚ್ಚು ಉಳಿದ ಜೋಡಿಗಳಲ್ಲಿ ಮಕ್ಕಳಿಗೆ ಒಳ್ಳೆಯದಾಗಿತ್ತು. ಮೂರು ತಿಂಗಳೊಳಗೆ ಮುರಿದ ಜೋಡಿಗಳಲ್ಲಿ ಮಕ್ಕಳು ತಮ್ಮ ಬಗ್ಗೆ ತಾವೇ ಮೊದಲಿಗಿಂತ ಕೀಳಾಗಿ ಯೋಚಿಸತೊಡಗಿದ್ದರು. ಯಾರೂ ಬರದೇ ಇದ್ದಿದ್ದರೆ ಆ ಮಕ್ಕಳಿಗೆ ಆ ಏಟಾದರೂ ತಪ್ಪುತ್ತಿತ್ತು.

ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಏರ್ಪಾಡು ನಮ್ಮ ಹತ್ತಿರ ಮೊದಲಿನಿಂದ ಇದೆ, ನಾವು ಅದನ್ನು ಹಬ್ಬ ಅನ್ನುತ್ತೇವೆ. ಮಡಿಕೇರಿ ದಸರಾದಲ್ಲಿ ನಾಲ್ಕು ಕರಗ, ಹತ್ತು ಮಂಟಪ. ಮಂಟಪ ಅಂದರೆ ಪುರಾಣದ ಕಥೆ ತೋರಿಸುವ, ಕೈಕಾಲು ಆಡಿಸುವ ಬೊಂಬೆಗಳ ಮೆರವಣಿಗೆ ಗಾಡಿ. ಜನ ನೋಡುವುದು ವಿಜಯದಶಮಿ ರಾತ್ರಿ ಮಾತ್ರ. ನನಗಿಷ್ಟ ಅದಕ್ಕೆ ಮುಂಚಿನ ವಾರಗಳು. ಒಂದು ವರ್ಷ ರಾತ್ರಿ ಹನ್ನೊಂದರ ಹೊತ್ತಿಗೆ ಮಂಟಪ ಕಟ್ಟುವ ಶೆಡ್‌ಗೆ ಹೋಗಿದ್ದೆ. ವೆಲ್ಡಿಂಗ್ ಕಿಡಿ, ಸುಟ್ಟ ಕಬ್ಬಿಣದ ವಾಸನೆ, ಮೂಲೆಯಲ್ಲಿ ಫ್ಲಾಸ್ಕಿನಲ್ಲಿ ಕಾಫಿ. ರಾಕ್ಷಸನ ಕೈ ಮೇಲೇಳಬೇಕು, ಏಳುತ್ತಿಲ್ಲ. ಎಲೆಕ್ಟ್ರಿಷಿಯನ್ ಒಬ್ಬರು ಕೆಳಗೆ ಮಲಗಿ ವಯರ್ ನೋಡುತ್ತಿದ್ದಾರೆ, ಪಕ್ಕದಲ್ಲಿ ಹದಿನಾರರ ಹುಡುಗ ಟಾರ್ಚ್ ಹಿಡಿದಿದ್ದಾನೆ. ‘ಎಡಕ್ಕೆ ಹಿಡಿಯೋ. ಅಲ್ಲ, ನನ್ನ ಎಡಕ್ಕೆ.’ ಆ ವರ್ಷ ಶಾಲೆಯಲ್ಲಿ ಕೊನೆಯ ಬೆಂಚಿನವನು ಅಂತ ನನ್ನ ಹತ್ತಿರ ಕಳಿಸಿದ್ದ ಹುಡುಗ ಅವನು. ಅರ್ಧ ಗಂಟೆ ಅವನ ಕೈ ಅಲುಗಲಿಲ್ಲ. ಈಗ ಅವನು ವಯರಿಂಗ್ ಕೆಲಸದಲ್ಲೇ ಇದ್ದಾನೆ.

ಕೊಡವ ಕೌಟುಂಬಿಕ ಹಾಕಿಯೂ ಹಾಗೇ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಅದನ್ನು ಶುರು ಮಾಡಿದರು, 2024ರಲ್ಲಿ ನಾಪೋಕ್ಲಿನಲ್ಲಿ 360 ಕುಟುಂಬಗಳ ತಂಡ ಆಡಿದವು. ದಾಖಲೆ ಗೀಖಲೆ ಇರಲಿ. ಒಂದೇ ತಂಡದಲ್ಲಿ ಅಜ್ಜ ಇರಬಹುದು, ಮೊಮ್ಮಗಳೂ ಇರಬಹುದು. ಬೆಂಗಳೂರಲ್ಲಿ ಕೆಲಸದಲ್ಲಿರುವ ಚಿಕ್ಕಪ್ಪನ ಜೊತೆ ಒಂದು ವಾರ ಪ್ರಾಕ್ಟೀಸ್ ಮಾಡಿದ ಹುಡುಗ ಆಮೇಲೆ ಕೋರ್ಸ್ ಬಗ್ಗೆ ಕೇಳಲು ಅವರಿಗೇ ಫೋನ್ ಮಾಡುತ್ತಾನೆ. ಆದರೆ ಒಕ್ಕದ, ಅಂದರೆ ಕೊಡವ ಮನೆತನದ, ಹೆಸರಿದ್ದವರಿಗೆ ಅದು ಸಿಗುತ್ತದೆ. ಬಾಡಿಗೆ ಮನೆಯ ಹುಡುಗನಿಗೆ, ಲೈನ್ ಮನೆಯ ಹುಡುಗನಿಗೆ ಆ ಮೈದಾನದಲ್ಲಿ ಗ್ಯಾಲರಿ ಮಾತ್ರ.

ಈಗ ಪಂಕ್ಚರ್ ಅಂಗಡಿಗೆ ಬರೋಣ.

ಅಂಥ ಅಂಗಡಿಯೊಂದರ ಎದುರು ನಾನು ಬಸ್ಸಿಗೆ ಕಾಯುವುದುಂಟು. ಟ್ಯೂಬಿಗೆ ಗಾಳಿ ತುಂಬಿ ನೀರಿನ ಬಾಣಲೆಯಲ್ಲಿ ಮುಳುಗಿಸುತ್ತಾರೆ. ಅಂಗಡಿಯವರೂ ಹುಡುಗನೂ ಬಾಣಲೆಯ ಮೇಲೆ ಬಗ್ಗಿ ಗುಳ್ಳೆ ಎಲ್ಲಿ ಬರುತ್ತದೆ ಅಂತ ನೋಡುತ್ತಾರೆ. ಇಬ್ಬರ ಕಣ್ಣೂ ನೀರಿನ ಮೇಲೆ. ಆಗ ಹುಡುಗನ ಬಾಯಿಂದ ಮಾತು ಬರುತ್ತದೆ. ‘ಅಣ್ಣಾ, ಗಣಿತದಲ್ಲಿ ಹನ್ನೆರಡು ಬಂತು.’ ‘ಹೂಂ. ಚಾಕ್‌ಪೀಸ್ ಕೊಡು, ಇಲ್ಲಿ ಗುರುತು ಹಾಕು.’ ಅಷ್ಟೇ ಉತ್ತರ. ನನ್ನ ರೂಮಿನಲ್ಲಿ ಎದುರು ಕುರ್ಚಿಯಲ್ಲಿ ಕೂರಿಸಿ, ಕಣ್ಣಲ್ಲಿ ಕಣ್ಣಿಟ್ಟು ಕೇಳಿದರೆ ಇದೇ ಹುಡುಗ ಮುಕ್ಕಾಲು ಗಂಟೆ ಉಗುರು ಕಚ್ಚುತ್ತಾನೆ. ಈ ವಯಸ್ಸಿನವರು ಕೈಯಲ್ಲಿ ಏನಾದರೂ ಇದ್ದಾಗ, ಯಾರೂ ಮುಖ ನೋಡದಿದ್ದಾಗ ಮಾತಾಡುತ್ತಾರೆ.

ಮೇಲೆ ನೋಡಿ, ನಿಮ್ಮ ಬಡಾವಣೆಯಲ್ಲಿ ಇಲ್ಲದ್ದೆಲ್ಲ ಆ ಅಂಗಡಿಯಲ್ಲಿದೆ. ಗೇಟಿಲ್ಲ. ಕೂರಲು ಹಳೇ ಟಯರ್ ಇದೆ. ಮಳೆಗೆ ತಗಡಿನ ಸೂರು. ದಿನಾ ಅದೇ ಜಾಗದಲ್ಲಿ ಅದೇ ಮನುಷ್ಯ. ಬರುವವರೂ ಎಲ್ಲ ತರಹದವರು, ತೋಟದ ರೈಟರು, ಆಟೋದವರು, ಮೇಷ್ಟ್ರು. ಕನ್ನಡ, ಮಲಯಾಳಂ, ಅರೆಭಾಷೆ, ಕೊಡವ ತಕ್ಕ್ ಎಲ್ಲ ಅಲ್ಲಿ ಓಡುತ್ತದೆ. ನಿಮ್ಮ ಮಗ ಊರಿನ ಅಂಗಡಿ ಕಟ್ಟೆಯನ್ನು ತಾನೇ ಹುಡುಕಿಕೊಂಡಿದ್ದಾನೆ.

ಅದಕ್ಕೆ ಬಿಡಿಸಬೇಡಿ ಅಂದದ್ದು. ಹಾಗಂತ ಕಣ್ಣು ಮುಚ್ಚಿ ನಂಬಿ ಅಂತಲೂ ಅಲ್ಲ. ಒಂದೆರಡು ಸಲ ನೀವೇ ಹೋಗಿ ನಿಂತು ನೋಡಿ. ರಸ್ತೆಗೆ ಕಾಣುವ ಹಾಗೆ ಕೂರುತ್ತಾರಾ, ಹಿಂದೆ ಬಾಗಿಲು ಹಾಕುವ ರೂಮು ಇದೆಯಾ? ನೀವು ಬಂದಾಗ ಅವರ ಮಾತು ಸಹಜವಾಗಿ ಮುಂದುವರಿಯುತ್ತದಾ, ಥಟ್ಟನೆ ನಿಲ್ಲುತ್ತದಾ? ಕತ್ತಲಾದಾಗ ‘ಹೋಗೋ, ಮನೆಗೆ ಹೋಗಿ ಓದ್ಕೊ’ ಅಂತ ಅವರೇ ಅಟ್ಟುತ್ತಾರಾ? ಅಟ್ಟುವವರಾದರೆ ಅರ್ಧ ನೆಮ್ಮದಿ. ಕಾರಣವಿಲ್ಲದೆ ಫೋನು, ದುಡ್ಡು ಕೊಡುವುದು, ರಾತ್ರಿ ಮೆಸೇಜು, ‘ಮನೇಲಿ ಹೇಳಬೇಡ’ ಅನ್ನುವ ಮಾತು, ಒಬ್ಬನನ್ನೇ ಎಲ್ಲಿಗೋ ಕರೆದೊಯ್ಯುವುದು, ಇವುಗಳಲ್ಲಿ ಒಂದು ಕಂಡರೂ ಅಲ್ಲಿಗೆ ನಿಲ್ಲಿಸಿ. ಮಕ್ಕಳ ಸಹಾಯವಾಣಿ 1098 ಯಾವ ಹೊತ್ತಿಗೂ ಇದೆ. ಕೂಲಿ ಕೊಟ್ಟು ರಾತ್ರಿವರೆಗೆ ದುಡಿಸುತ್ತಿದ್ದರೆ ಅದು ಬೇರೆಯೇ ವಿಷಯ, ಅದಕ್ಕೆ ಒಪ್ಪಬೇಡಿ. ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಸಂಜೆ ಒಂದು ಗಂಟೆ ಸಾಕು ಅಂತ ಅಂಗಡಿಯವರಿಗೇ ನೇರವಾಗಿ ಹೇಳಿ. ಮಗನಿಗೆ ಹೇಳುವುದಕ್ಕಿಂತ ಅದು ಬೇಗ ನಾಟುತ್ತದೆ.

ಊರಿಗೆ ಕಳಿಸುವ ಮಾತಿಗೆ ನನ್ನ ಉತ್ತರ, ಈ ವರ್ಷ ಬೇಡ. 1994ರಿಂದ ಅಮೆರಿಕದ ಐದು ನಗರಗಳಲ್ಲಿ ಕಡು ಬಡ ವಸತಿಗಳ ಸುಮಾರು 4,600 ಕುಟುಂಬಗಳನ್ನು ಒಂದು ಪ್ರಯೋಗಕ್ಕೆ ಸೇರಿಸಿ, ಚೀಟಿ ಎತ್ತಿ ಕೆಲವರಿಗೆ ಬಡತನ ಕಡಿಮೆಯಿರುವ ಕಡೆ ಮನೆ ಮಾಡಲು ಬಾಡಿಗೆ ನೆರವು ಕೊಟ್ಟರು. ರಾಜ್ ಚೆಟ್ಟಿ ಮತ್ತು ಜೊತೆಗಾರರು ಮುಂದೆ ಆ ಮಕ್ಕಳ ದುಡಿಮೆಯ ಲೆಕ್ಕ ನೋಡಿದಾಗ, 13 ವರ್ಷಕ್ಕೆ ಮುಂಚೆ ಹೋದವರು ಇಪ್ಪತ್ತೈದರ ಆಸುಪಾಸಿನಲ್ಲಿ ಶೇ 31ರಷ್ಟು ಹೆಚ್ಚು ಗಳಿಸುತ್ತಿದ್ದರು. ಹದಿಹರೆಯದಲ್ಲಿ ಹೋದವರಿಗೆ ಲಾಭ ಕಾಣಲಿಲ್ಲ, ಸ್ವಲ್ಪ ನಷ್ಟವೇ ಇತ್ತು. ಈ ವಯಸ್ಸಲ್ಲಿ ಕಿತ್ತು ನೆಟ್ಟರೆ ಬೇರು ಹಿಡಿಯಲು ಸಮಯ ಬೇಕು. ಅವನು ಮೂರು ವರ್ಷದಲ್ಲಿ ಕಷ್ಟಪಟ್ಟು ಇಲ್ಲಿ ಒಬ್ಬರನ್ನು ಸಂಪಾದಿಸಿದ್ದಾನೆ. ಹಾಸ್ಟೆಲ್ ಬೇಕಿದ್ದರೆ ಪಿಯುಗೆ, ಅವನನ್ನು ಕೇಳಿ, ವಾರ್ಡನ್‌ರನ್ನು ನೋಡಿ ಆಮೇಲೆ ಯೋಚಿಸಿ. ಅವನು ತೀರಾ ಮಂಕಾದರೆ, ನಿದ್ದೆ ಊಟ ಬಿಟ್ಟರೆ ಮಾತ್ರ ಕಾಯಬೇಡಿ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಬೀದಿಯ ವಿಷಯಕ್ಕೆ ನಿಮ್ಮಿಂದ ಆಗುವುದು ಸಣ್ಣದು, ಆದರೆ ಆಗುತ್ತದೆ. ಎದುರು ಮನೆಯ ಆ ಬೈಕ್ ಹುಡುಗನ ಹೆಸರು ಕೇಳಿ. ಅವನ ಅಮ್ಮನಿಗೆ ಒಂದು ಮಾತು ಹೇಳಿ: ‘ನನ್ನ ಮಗ ತಪ್ಪು ಮಾಡಿದ್ದು ಕಂಡರೆ ಗದರಿ, ನಾನು ಜಗಳಕ್ಕೆ ಬರಲ್ಲ.’ ಮೇಷ್ಟ್ರು ದಾರಿ ಬದಲಾಯಿಸಿದ್ದು ಈ ಒಂದು ಮಾತನ್ನು ಯಾರೂ ಹೇಳಿರಲಿಲ್ಲ ಅಂತ. ಐದು ಮನೆಯವರು ಹೀಗೆ ಹೇಳಿಕೊಂಡರೆ ಸಾಕು. ಆ ಐದು ಮನೆಯಲ್ಲಿ ಗಣಿತ ಬರುವವರು ಯಾರಾದರೂ ಇದ್ದಾರಾ ಅಂತಲೂ ಕೇಳಿ. ಪಾರ್ಕಿನ ಜಾಗಕ್ಕೆ ಎರಡು ಕಲ್ಲು ಬೆಂಚು ಕೇಳಿ ಪುರಸಭೆಗೆ ಅರ್ಜಿ ಕೊಡಿ. ಕಾಯಬೇಕಾಗುತ್ತದೆ, ಕೊಡಿ.

ಇನ್ನು ಅಂಗಡಿಗೆ ಮೊದಲ ಸಲ ಹೋಗುವಾಗ ನೀವೊಬ್ಬರೇ ಹೋಗಬೇಡಿ. ಯಜಮಾನರು ಮನೆಗೆ ಬರುವ ಎರಡು ದಿನದಲ್ಲಿ ಒಂದು ಸಂಜೆ ಅವರನ್ನೂ ಕರೆದುಕೊಂಡು ಹೋಗಿ. ಲಾರಿ ಓಡಿಸುವವರಿಗೆ ಪಂಕ್ಚರ್ ಅಂಗಡಿಯವರ ಜೊತೆ ಮಾತು ಹುಡುಕುವ ಕಷ್ಟ ಇರಲ್ಲ. ಅಪ್ಪ ಮನೆಯಲ್ಲಿಲ್ಲದ ಐದು ದಿನವೂ ಮಗ ಹೋಗಿ ಟಯರ್‌ಗಳ ನಡುವೆಯೇ ಯಾಕೆ ಕೂರುತ್ತಾನೆ ಅಂತ ಆಗ ಅವರಿಗೂ ಹೊಳೆಯಬಹುದು.